ಅರಣೆ ಮೀನೂ ಲಿಜರ್ಡ್ ಕರಾವಳಿಯೂ

ಪ್ರೀತಿಯ ಪುಟ್ಟಿ,

ಅಪ್ಪನ ಆಶೀರ್ವಾದಗಳು. ವಾಟ್ಸಾಪಿನಲ್ಲಿ ನೀನು ಕೇಳಿದ್ದು ಒಂದೇ ಸಾಲು: ‘ಲಿಜರ್ಡ್ ಫಿಶ್ ಅಂದರೆ ಇಲ್ಲಿನ ಲಿಜರ್ಡ್ ಕಡೆಯ ಮೀನಾ ಅಪ್ಪ? ಮುಂದಿನ ತಿಂಗಳ ಡೈವಿಂಗ್‌ನಲ್ಲಿ ಸಿಗುತ್ತಾ?’ ಉತ್ತರವೂ ಒಂದೇ ಸಾಲಿನದು: ಅಲ್ಲ, ಸಿಗಲ್ಲ. ಆದರೆ ನೀನು ಇಳಿಯಲು ಹೊರಟಿರುವುದು ಇಂಗ್ಲೆಂಡಿನ ಕಾರ್ನ್‌ವಾಲಿನ ಲಿಜರ್ಡ್ ಕರಾವಳಿಯಲ್ಲಿ, ಹಡಗು ಒಡೆಯುವ ಮ್ಯಾನಕಲ್ಸ್ ಬಂಡೆಗಳ ಹತ್ತಿರ ಎಂದು ಓದಿದ ಮೇಲೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಪುರುಸೊತ್ತಾದಾಗ ಓದು.

ಮೊದಲು ಮೀನು. ನಮ್ಮ ಕರಾವಳಿಯಲ್ಲಿ ಅರಣೆ ಮೀನು ಅಂತಾರಲ್ಲ, ಅದೇ. ಅರಣೆ ಅಂದರೆ ಹಾವುರಾಣಿ. ಇಂಗ್ಲಿಷಿನವರೂ ನಮ್ಮವರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಹೋಲಿಕೆ ಹಿಡಿದಿದ್ದಾರೆ, ಏಕೆಂದರೆ ಆ ಮುಖ ನೋಡಿದರೆ ಬೇರೇನೂ ಹೊಳೆಯುವುದಿಲ್ಲ. ಉರುಟಾದ ಮೈ, ಚಪ್ಪಟೆ ತಲೆ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ. ಬಾಯಿ ಮುಚ್ಚಿದ್ದರೂ ಸೂಜಿಯಂಥ ಹಲ್ಲುಗಳ ಸಾಲು ಹೊರಗೆ ಕಾಣುತ್ತದೆ. ಅಂಗುಳಲ್ಲೂ ಹಲ್ಲು, ನಾಲಿಗೆಯ ಮೇಲೂ ಹಲ್ಲು. ಎಲ್ಲ ಒಳಮುಖವಾಗಿ ಬಾಗುವಂಥವು. ಹಾಗಾಗಿ ಒಮ್ಮೆ ಕಚ್ಚಿದ ಮೀನು ಒಳಗೆ ಹೋಗಬಹುದೇ ಹೊರತು ಹೊರಗೆ ಬರಲಾರದು. ತನ್ನ ಮೈಯಷ್ಟೇ ದಪ್ಪದ ಮೀನನ್ನೂ ಇಡಿಯಾಗಿ ನುಂಗುತ್ತದೆ. ಬಲೆಯಿಂದ ಬಿಡಿಸುವಾಗ ಬಾಯಿಯ ಹತ್ತಿರ ಬೆರಳು ಒಯ್ಯಬಾರದು.

ಲಕ್ಷದ್ವೀಪದಂಥ ಹವಳದ ದಿಬ್ಬಗಳಲ್ಲಿ ಇದರ ಜಾತಿಯದೇ ಒಂದು ಮೀನಿದೆ, ಕಂದು-ಕೆಂಪು ಪಟ್ಟೆಯದು. ಅರಣೆ ಮೀನಿಗೆ ಗಾಳಿಚೀಲ ಇಲ್ಲ. ಬೇರೆ ಮೀನುಗಳ ಹಾಗೆ ನಡುನೀರಲ್ಲಿ ಸುಮ್ಮನೆ ತೇಲಿಕೊಂಡಿರಲು ಆಗದು. ಈಜು ನಿಂತರೆ ತಳಕ್ಕೇ. ಹೊಟ್ಟೆಯ ಕೆಳಗಿನ ಎರಡು ದೊಡ್ಡ ರೆಕ್ಕೆಗಳನ್ನು ಮೊಣಕೈ ಊರಿದ ಹಾಗೆ ಊರಿ, ತಲೆ ಎತ್ತಿ ಕೂರುತ್ತದೆ. ಇಲ್ಲವೇ ಮರಳಲ್ಲಿ ಮೈ ಹೂತು ಕಣ್ಣಷ್ಟನ್ನೇ ಹೊರಗಿಡುತ್ತದೆ. ತಲೆಯ ಮೇಲೆ ಚಿಕ್ಕ ಮೀನು ಹಾದರೆ ಒಂದೇ ನೆಗೆತ, ಮತ್ತೆ ಅದೇ ಜಾಗಕ್ಕೆ ವಾಪಸ್. ಬೆನ್ನಿನ ಮೇಲೆ, ಬಾಲದ ಹತ್ತಿರ, ಮುಳ್ಳಿಲ್ಲದ ಒಂದು ಪುಟ್ಟ ಕೊಬ್ಬಿನ ರೆಕ್ಕೆ ಇರುತ್ತದೆ. ಗುರುತಿಗೆ ಅದನ್ನು ನೋಡಬೇಕು.

ಬೊಂಬಿಲ್ ಮೀನು ಕೂಡ ಇದೇ ಕುಟುಂಬದ್ದು ಎಂದರೆ ನಿನ್ನಮ್ಮ ಇವತ್ತಿಗೂ ನಂಬುವುದಿಲ್ಲ. ಇಂಗ್ಲಿಷಿನಲ್ಲಿ ಅದು ‘ಬಾಂಬೆ ಡಕ್’. ಬಾತುಕೋಳಿಗೂ ಅದಕ್ಕೂ ಏನು ಸಂಬಂಧ ಹೇಳು!

ನಮ್ಮಲ್ಲಿ ಟ್ರಾಲ್ ಬೋಟಿಗೆ ಅರಣೆ ಮೀನು ರಾಶಿರಾಶಿ ಬರುತ್ತದೆ, ಆದರೆ ಮುಳ್ಳು ಹೆಚ್ಚೆಂದು ಮನೆಗೆ ಒಯ್ಯುವವರು ಕಡಿಮೆ. ಬಹುಪಾಲು ಸುರಿಮಿ, ಅಂದರೆ ತೊಳೆದು ಹಿಂಡಿದ ಮೀನಿನ ಮಾಂಸದ ಹಿಟ್ಟು, ಮಾಡುವ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಇದರ ಒಂದು ಕೆಟ್ಟ ಗುಣ ಗೊತ್ತಿರಬೇಕು. ಇಡಿಯಾಗಿ ಫ್ರೀಜರಿನಲ್ಲಿಟ್ಟರೆ ಮಾಂಸದಲ್ಲಿರುವ ಟ್ರೈಮಿಥೈಲಮೈನ್ ಆಕ್ಸೈಡ್ ಎಂಬ ವಸ್ತುವನ್ನು ಅದರದೇ ಕಿಣ್ವ ಒಡೆದು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಹೊರಗಿನಿಂದ ಯಾರೂ ಏನೂ ಬೆರೆಸಬೇಕಿಲ್ಲ. ಫಾರ್ಮಾಲ್ಡಿಹೈಡ್ ಪ್ರೋಟೀನನ್ನು ಬಿಗಿಯುತ್ತದೆ, ಕರಗಿಸಿದಾಗ ನೀರೆಲ್ಲ ಸೋರಿ ಮಾಂಸ ಸ್ಪಂಜಿನಂತಾಗುತ್ತದೆ. ಅದಕ್ಕೇ ತಾಜಾ ಇರುವಾಗಲೇ ಮಾಂಸ ಬಿಡಿಸಿ, 10 ಡಿಗ್ರಿಗಿಂತ ತಣ್ಣಗಿನ ನೀರಲ್ಲಿ ಎರಡು ಮೂರು ಸಲ ತೊಳೆದು ಹಿಂಡುತ್ತಾರೆ. ಆಮೇಲೆ ಶೇ. 4 ಸಕ್ಕರೆ, ಶೇ. 4 ಸಾರ್ಬಿಟಾಲ್, ಶೇ. 0.2–0.3 ಪಾಲಿಫಾಸ್ಫೇಟ್ ಬೆರೆಸಿ 10 ಕಿಲೋ ಗಟ್ಟಿಗಳಾಗಿ ಹೆಪ್ಪುಗಟ್ಟಿಸುತ್ತಾರೆ. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಸಕ್ಕರೆ ಎಷ್ಟು ಸುರಿದರೂ ಹಿಟ್ಟು ಗಟ್ಟಿಯಾಗುವುದಿಲ್ಲ. ನೀನು ಅಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲಿ ತರುವ ಏಡಿ ಕಡ್ಡಿಯೂ ಸುರಿಮಿಯೇ. ಅದರಲ್ಲಿ ಏಡಿ ಹೆಸರಿಗೆ ಮಾತ್ರ.

ಇನ್ನು ನಿನ್ನ ಲಿಜರ್ಡ್. ಕಾರ್ನ್‌ವಾಲಿನ ಹಳೆಯ ಭಾಷೆಯಲ್ಲಿ ‘ಲಿಸ್’ ಎಂದರೆ ಆಸ್ಥಾನ, ‘ಆರ್ದ್’ ಎಂದರೆ ಎತ್ತರ. ಲಿಸ್ ಆರ್ದ್, ಎತ್ತರದ ಆಸ್ಥಾನ. ಕೇಳಿಸಿಕೊಂಡ ಇಂಗ್ಲಿಷ್ ಕಿವಿ ಅದನ್ನು ಹಲ್ಲಿ ಮಾಡಿತು. ಮಡಿಕೇರಿಯನ್ನು ಮರ್ಕೆರಾ ಮಾಡಿದ ಕಿವಿಯೇ ತಾನೆ. ನೀನು ಇಳಿಯಲಿರುವ ಮ್ಯಾನಕಲ್ಸ್ ಬಂಡೆಗಳದ್ದೂ ಇದೇ ಕಥೆ. ಇಂಗ್ಲಿಷಿನಲ್ಲಿ ಕೈಕೋಳ ಎಂದು ಅರ್ಥ ಬರುತ್ತದೆ, ಇಷ್ಟು ಹಡಗು ಹಿಡಿದ ಬಂಡೆಗೆ ಒಪ್ಪುತ್ತದೆ ಕೂಡ. ಆದರೆ ಮೂಲ ಹೆಸರು ‘ಮೇನ್ ಎಗ್ಲೋಸ್’, ಇಗರ್ಜಿಯ ಕಲ್ಲುಗಳು. ದಡದ ಮೇಲೆ ಸೇಂಟ್ ಕೆವರ್ನ್ ಇಗರ್ಜಿಯ ಗೋಪುರ ಸಮುದ್ರದಿಂದ ಕಾಣುತ್ತದೆ, ಅದಕ್ಕೆ. ನಮ್ಮ ಮಂಗಳೂರಿನ ‘ಇಗರ್ಜಿ’ ಪೋರ್ಚುಗೀಸರಿಂದ ಬಂತು, ಅವರ ‘ಎಗ್ಲೋಸ್’ ಲ್ಯಾಟಿನ್ನಿಂದ. ಎರಡರ ತಾಯಿಬೇರೂ ಒಂದೇ. ಈ ಸಂಗತಿ ನನಗೆ ಮೀನಿಗಿಂತ ಹೆಚ್ಚು ಖುಷಿ ಕೊಟ್ಟಿತು.

ಅಲ್ಲಿ ಅಷ್ಟು ಹಡಗು ಯಾಕೆ ಒಡೆದವು? ಬ್ರಿಟನ್ನಿನ ಮುಖ್ಯ ಭೂಭಾಗದ ದಕ್ಷಿಣದ ತುದಿ ಅದು. ಅಟ್ಲಾಂಟಿಕ್ ದಾಟಿ ಬಂದ ಹಡಗು ನೆಲದ ಗುರುತು ಹಿಡಿಯುತ್ತಿದ್ದುದು ಅಲ್ಲೇ. ಮೋಡ ಕವಿದು ನಾಲ್ಕು ದಿನ ಸೂರ್ಯ ಕಾಣದಿದ್ದರೆ ತಾನು ಎಲ್ಲಿದ್ದೇನೆ ಎನ್ನುವುದೇ ಅಂದಾಜು. ಗಾಳಿ ಹೆಚ್ಚಾಗಿ ನೈಋತ್ಯದ್ದು, ಅಂದರೆ ದಡದ ಕಡೆಗೇ ದೂಡುವಂಥದ್ದು. ಹಾಯಿ ಹಡಗು ಒಮ್ಮೆ ಕೊಲ್ಲಿಯೊಳಗೆ ಸಿಕ್ಕಿಕೊಂಡರೆ ಗಾಳಿಗೆ ಎದುರಾಗಿ ಹೊರಬರಲಾರದು. ಜೊತೆಗೆ ಸರಕು ಯಾವ ಬಂದರಿಗೆ ಎಂಬ ಆದೇಶ ಪಡೆಯಲು ಹಡಗುಗಳು ಪಕ್ಕದ ಫಾಲ್ಮತ್ ಬಂದರಿಗೆ ಬರಬೇಕಿತ್ತು. ಆ ದಾರಿಗೆ ತೀರ ಹತ್ತಿರದಲ್ಲಿ, ದಡದಿಂದ ಸುಮಾರು ಒಂದು ಮೈಲಿ ದೂರದಲ್ಲಿ, ಮ್ಯಾನಕಲ್ಸ್ ಕಾದು ಕೂತಿದೆ. ಮರಳಲ್ಲಿ ಹೂತ ಅರಣೆ ಮೀನಿನ ಹಾಗೆ ಎನ್ನಲೇ? ಬೇಡ, ಬಂಡೆಗೆ ಹಸಿವಿಲ್ಲ.

ದೀಪಸ್ತಂಭ 1619ರಲ್ಲೇ ಆಗಿತ್ತು. ಸರ್ ಜಾನ್ ಕಿಲ್ಲಿಗ್ರೂ ಕಟ್ಟಿಸಿದ. ಹಡಗಿನವರು ಬೆಳಕು ಕಂಡು ಹೋದರು, ದುಡ್ಡು ಕೊಡಲಿಲ್ಲ. ಖರ್ಚು ತಾಳದೆ ದೀಪ ಆರಿತು. ಈಗಿರುವುದು 1751ರ ಸುಮಾರಿನದು, ಎರಡು ಗೋಪುರದ್ದು. ಎರಡು ಗೋಪುರ ಯಾಕೆ ಅಂತ ನೀನು ಕೇಳೇ ಕೇಳುತ್ತೀ: ಆಗ ಕಲ್ಲಿದ್ದಲ ಬೆಂಕಿ, ಮಿಣುಕಿಸುವ ಉಪಾಯ ಇಲ್ಲ, ದೂರದಿಂದ ಎಲ್ಲ ಬೆಂಕಿಯೂ ಒಂದೇ. ಹಾಗಾಗಿ ಸಿಲಿ ದ್ವೀಪಗಳಲ್ಲಿ ಒಂದು, ಲಿಜರ್ಡಿನಲ್ಲಿ ಎರಡು, ಚಾನಲ್ ದ್ವೀಪಗಳ ಕ್ಯಾಸ್ಕೆಟ್ಸ್‌ನಲ್ಲಿ ಮೂರು ಬೆಂಕಿ ಇಟ್ಟು ಎಣಿಕೆಯಿಂದಲೇ ಗುರುತು ಹೇಳುತ್ತಿದ್ದರು. 1903ರಿಂದ ಒಂದೇ ಗೋಪುರದಲ್ಲಿ ಸುತ್ತುವ ದೀಪ, ಈಗ ಮೂರು ಸೆಕೆಂಡಿಗೊಮ್ಮೆ ಮಿಂಚುತ್ತದೆ.

ನೀವು ನೋಡಲಿರುವ ಮೊಹೀಗನ್ ಹಡಗಿಗೆ ದೀಪದ ಕೊರತೆಯಾಗಲಿ ಮಂಜಾಗಲಿ ಇರಲಿಲ್ಲ. 1898ರ ಅಕ್ಟೋಬರ್ 14ರ ಸಂಜೆ, ಲಂಡನ್ನಿಂದ ನ್ಯೂಯಾರ್ಕ್‌ಗೆ ಹೊರಟಿತ್ತು. ಎಡಿಸ್ಟೋನ್ ದೀಪಸ್ತಂಭ ದಾಟಿದ ಮೇಲೆ ಪಶ್ಚಿಮದಿಂದ ಸ್ವಲ್ಪ ದಕ್ಷಿಣಕ್ಕೆ ತಿರುಗಬೇಕಾದದ್ದು ಒಂದು ಪಾಯಿಂಟ್ ಉತ್ತರಕ್ಕೆ ಹೋಯಿತು. ಒಂದು ಪಾಯಿಂಟ್ ಎಂದರೆ 11¼ ಡಿಗ್ರಿ. ಎಡಿಸ್ಟೋನ್‌ನಿಂದ ಲಿಜರ್ಡಿಗೆ ಸುಮಾರು 40 ನಾಟಿಕಲ್ ಮೈಲಿ. ಅಷ್ಟು ದೂರಕ್ಕೆ ಹತ್ತು ಡಿಗ್ರಿ ತಪ್ಪಿದರೆ ಏಳು ಮೈಲಿ ಪಕ್ಕಕ್ಕೆ ಬೀಳುತ್ತೀ. ಬಂಡೆಗೆ ಬಡಿದು ಹದಿನೈದು ನಿಮಿಷದೊಳಗೆ ಮುಳುಗಿತು. ಎಂಜಿನ್ ಕೋಣೆಗೆ ನೀರು ನುಗ್ಗಿ ವಿದ್ಯುತ್ ಹೋಯಿತು, ಕತ್ತಲಲ್ಲಿ ಹೆಚ್ಚಿನ ದೋಣಿಗಳನ್ನು ಇಳಿಸಲಾಗಲಿಲ್ಲ. 197 ಮಂದಿಯಲ್ಲಿ 106 ಜನ ಸತ್ತರು. ಪೋರ್ಥೌಸ್ಟಕ್‌ನ ಲೈಫ್‌ಬೋಟ್ 44 ಜನರನ್ನು ಎತ್ತಿಕೊಂಡಿತು. ಆ ದಿಕ್ಕು ಯಾಕೆ ಹಿಡಿದರು ಎಂದು ಹೇಳಲು ಕ್ಯಾಪ್ಟನ್ ಉಳಿಯಲಿಲ್ಲ. ಸತ್ತವರಲ್ಲಿ ಬಹಳ ಮಂದಿಯನ್ನು ಸೇಂಟ್ ಕೆವರ್ನ್ ಇಗರ್ಜಿಯ ಅಂಗಳದಲ್ಲೇ ಒಟ್ಟಿಗೆ ಹೂತಿದ್ದಾರೆ. ಡೈವಿಗೆ ಮುಂಚೆ ಅಲ್ಲಿಗೊಮ್ಮೆ ಹೋಗಿ ಬಾ.

ಸೂವಿಕ್ ಎಂಬ ಇನ್ನೊಂದು ಹಡಗಿನದ್ದು ಬೇರೆ ಬಗೆಯ ತಪ್ಪು. 1907ರ ಮಾರ್ಚ್ 17, ಆಸ್ಟ್ರೇಲಿಯಾದಿಂದ ಬರುತ್ತಿದ್ದ 12,500 ಟನ್ನಿನ ಹಡಗು. ಮಬ್ಬಿನಲ್ಲಿ ಲಿಜರ್ಡ್ ದೀಪದ ಬೆಳಕು ಕಂಡಿತು, ಇನ್ನೂ ಹತ್ತು ಮೈಲಿ ಇದೆ ಅಂದುಕೊಂಡರು. ಆಳ ಅಳೆಯಲಿಲ್ಲ. ಅಳೆಯುವುದು ಹೇಗೆಂದರೆ, ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಬಿಡುವುದು. ಹಗ್ಗದ ಮೇಲೆ ಫ್ಯಾದಮ್ ಗುರುತುಗಳು. ನಮ್ಮ ಮೀನುಗಾರರ ಮಾರು, ಅವರ ಫ್ಯಾದಮ್ ಎರಡೂ ಕೈ ಚಾಚಿದ ಅಳತೆಯೇ, ಆರಡಿ. ಗುಂಡಿನ ತಳದ ಕುಳಿಯಲ್ಲಿ ಕೊಬ್ಬು ಮೆತ್ತಿರುತ್ತಾರೆ. ಮೇಲೆ ಬಂದಾಗ ಅದಕ್ಕೆ ಮರಳು ಅಂಟಿದೆಯೋ, ಚಿಪ್ಪಿನ ಚೂರೋ, ಏನೂ ಇಲ್ಲವೋ ನೋಡಿ ನಕ್ಷೆಯ ಜೊತೆ ತಾಳೆ ಹಾಕುತ್ತಾರೆ. ಏನೂ ಅಂಟದಿದ್ದರೆ ಕೆಳಗೆ ಬಂಡೆ. ಈ ಕೆಲಸ ಬಿಟ್ಟ ಹಡಗು ಮೇನ್‌ಹೀರ್ ಎಂಬ ಬಂಡೆಸಾಲಿಗೆ ಹತ್ತಿತು. ಆ ‘ಮೇನ್’ ಕೂಡ ಕಲ್ಲೇ. ನಾಲ್ಕು ಊರಿನ ಲೈಫ್‌ಬೋಟ್‌ಗಳು, ಹುಟ್ಟು ಹಾಕುವಂಥವು, 16 ಗಂಟೆ ಓಡಾಡಿ 456 ಜನರನ್ನು ಒಬ್ಬರೂ ಸಾಯದಂತೆ ದಡ ಮುಟ್ಟಿಸಿದವು. ಆಮೇಲಿನದ್ದು ಇನ್ನೂ ಚೆಂದ. ಮೂತಿ ಬಂಡೆಯಲ್ಲಿ ಕಚ್ಚಿಕೊಂಡಿತ್ತು, ಎಂಜಿನ್ನೂ ಬಾಯ್ಲರೂ ಇರುವ ಹಿಂಭಾಗ ಗಟ್ಟಿಯಾಗಿತ್ತು. ಹಾಗಾಗಿ ನೀರು ನುಗ್ಗದ ಒಂದು ಅಡ್ಡಗೋಡೆಯ ಮುಂದೆ ಸುತ್ತಲೂ ಡೈನಮೈಟ್ ಇಟ್ಟು ಹಡಗನ್ನೇ ಎರಡು ತುಂಡು ಮಾಡಿದರು. 400 ಅಡಿಯ ಹಿಂಭಾಗ ಹಿಮ್ಮುಖವಾಗಿ ಸೌತಾಂಪ್ಟನ್ನಿಗೆ ಹೋಯಿತು. ಬೆಲ್ಫಾಸ್ಟ್‌ನಲ್ಲಿ 212 ಅಡಿಯ ಹೊಸ ಮೂತಿ ಕಟ್ಟಿ, ಎಳೆದು ತಂದು ಬೆಸೆದರು. 1908ರ ಜನವರಿಗೆ ಹಡಗು ಮತ್ತೆ ಕೆಲಸಕ್ಕೆ!

ಲಿಜರ್ಡಿನ ಪಶ್ಚಿಮಕ್ಕೆ ಲೋ ಬಾರ್ ಎಂಬ ಮರಳದಂಡೆ ಇದೆ. ಅಲ್ಲಿ 1807ರ ಡಿಸೆಂಬರ್ 29ರಂದು ಆನ್ಸನ್ ಎಂಬ ಯುದ್ಧನೌಕೆ, ನೆರೆದ ಜನರ ಕಣ್ಣೆದುರಲ್ಲೇ ಒಡೆಯಿತು. ಕೂಗಿದರೆ ಕೇಳುವಷ್ಟು ಹತ್ತಿರ, ಹಗ್ಗ ಮುಟ್ಟಿಸಲು ಮಾತ್ರ ಯಾರಿಗೂ ಆಗಲಿಲ್ಲ. ಅದನ್ನು ನೋಡಿದ ಹೆಲ್ಸ್ಟನ್ನಿನ ಬಡಗಿ ಹೆನ್ರಿ ಟ್ರೆಂಗ್ರೂಸ್ ರಾಕೆಟ್‌ಗೆ ಹಗ್ಗ ಕಟ್ಟಿ ಹಾರಿಸುವ ಸಾಧನ ಮಾಡಿದ. ಅದೇ ಕಾಲಕ್ಕೆ ಬೇರೆಯವರು ತೋಪಿನಿಂದ ಗುಂಡಿಗೆ ಹಗ್ಗ ಕಟ್ಟಿ ಹಾರಿಸುತ್ತಿದ್ದರು, ಆದರೆ ತೋಪಿನ ಜಗ್ಗಿಗೆ ಹಗ್ಗ ಕಿತ್ತು ಹೋಗುತ್ತಿತ್ತು. ರಾಕೆಟ್ ನಿಧಾನವಾಗಿ ವೇಗ ಹಿಡಿಯುತ್ತದೆ, ಹಗ್ಗ ತಡೆಯುತ್ತದೆ. ತೋಪು ಹೊರಲು ಗಾಡಿ ಬೇಕು. ಇವನದ್ದು 8 ಔನ್ಸಿನ ರಾಕೆಟ್, 180 ಗಜ ಹೋಗುತ್ತಿತ್ತು, ಹಡಗಿನ ಪೆಟ್ಟಿಗೆಯಲ್ಲೇ ಇಡಬಹುದಿತ್ತು. ಹಡಗಿನಿಂದ ದಡಕ್ಕೆ ಹಾರಿಸಬೇಕೆಂಬುದು ಅವನ ಹಠ. ಗಾಳಿ ದಡದ ಕಡೆಗೇ ಇರುತ್ತದೆ, ದಡವನ್ನು ಗುರಿ ತಪ್ಪುವುದೂ ಕಷ್ಟ. ಸರ್ಕಾರ ಕೊನೆಗೆ ಅವನ ಕೈಗಿಟ್ಟದ್ದು 50 ಪೌಂಡ್.

ಹಗ್ಗ ಮುಟ್ಟಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡ. ಮುಂದೆ ಬೆಳೆದ ಕ್ರಮದಲ್ಲಿ ರಾಕೆಟ್ಟಿನ ತೆಳು ಹಗ್ಗದಿಂದ ಮೊದಲು ಒಂದು ಕಪ್ಪಿಯನ್ನು ಹಡಗಿಗೆ ಎಳೆದುಕೊಳ್ಳುತ್ತಾರೆ. ಅದರಲ್ಲಿ ಎರಡೂ ತುದಿ ದಡದಲ್ಲೇ ಇರುವ ಓಡುಹಗ್ಗ. ಕಪ್ಪಿಯನ್ನು ಹಡಗಿನ ಕಂಬಕ್ಕೆ ಎತ್ತರದಲ್ಲಿ ಬಿಗಿಯಬೇಕು. ಆಮೇಲೆ ದಡದವರು ಅದೇ ಓಡುಹಗ್ಗದಿಂದ ದಪ್ಪ ಹಗ್ಗ ಕಳಿಸುತ್ತಾರೆ. ಅದನ್ನು ಕಪ್ಪಿಗಿಂತ ಎರಡಡಿ ಮೇಲೆ ಕಟ್ಟಬೇಕು, ಕೆಳಗೆ ಕಟ್ಟಿದರೆ ಎರಡೂ ತಿಕ್ಕಿ ಸಿಕ್ಕಾಗುತ್ತವೆ. ಆ ದಪ್ಪ ಹಗ್ಗದ ಮೇಲೆ ಚಡ್ಡಿ ಹೊಲಿದ ತೇಲುಬಳೆಯೊಂದು ಜೋತು ಓಡಾಡುತ್ತದೆ, ಒಂದು ಸಲಕ್ಕೆ ಒಬ್ಬರು. ದಡದಲ್ಲಿ ಹಗ್ಗ ಮುಕ್ಕಾಲಿಯ ಮೇಲೆ ಹಾದಿರುತ್ತದೆ, ಹಡಗು ಹೊರಳಿದಾಗಲೆಲ್ಲ ಸಡಿಲ ಬಿಟ್ಟು ಮತ್ತೆ ಎಳೆಯಲು ಜನ ನಿಲ್ಲಬೇಕು. ಗೂಟಕ್ಕೆ ಕಟ್ಟಿ ಕೈ ಬಿಟ್ಟರೆ ಮೊದಲ ಹೊರಳಿಗೇ ಹಗ್ಗ ತುಂಡು.

ಈಗ ನಿನ್ನ ಡೈವ್. ಮೊಹೀಗನ್ ಇಪ್ಪತ್ತು ಮೀಟರ್‌ಗಿಂತ ಕೆಳಗಿದೆ. ಉಳಿದಿರುವುದರಲ್ಲಿ ಬಾಯ್ಲರುಗಳೇ ದೊಡ್ಡವು. ಬಂಡೆಗಳ ಮೇಲೆ ಬಣ್ಣಬಣ್ಣದ ಜ್ಯುವೆಲ್ ಅನಿಮೋನ್, ಗುಲಾಬಿ ಸೀ ಫ್ಯಾನ್ ಎಂಬ ಕಡಲಜೀವಿಗಳನ್ನು ಕಾಣುತ್ತೀ. 2013ರಿಂದ ಅದು ಸಂರಕ್ಷಿತ ವಲಯ, ಮುಟ್ಟಬೇಡ. ಅರಣೆ ಮೀನಿಗೆ ಆ ನೀರು ತೀರ ತಣ್ಣಗೆ. ಅದರ ಬದಲು ನೀಲಿ-ಕಿತ್ತಳೆಯ ಕುಕೂ ರಾಸ್ ಮೀನು ಸಿಗುತ್ತದೆ. ಭಯಪಡಬೇಕಾದ್ದು ಆಳಕ್ಕಲ್ಲ, ಸೆಳೆತಕ್ಕೆ. ಮಂಗಳೂರಿನಲ್ಲಿ ದೊಡ್ಡ ಉಬ್ಬರ ಎಂದರೆ ಒಂದೂವರೆ ಮೀಟರ್ ಆಸುಪಾಸು, ಫಾಲ್ಮತ್‌ನಲ್ಲಿ ನಾಲ್ಕೂವರೆ. ಅಷ್ಟು ನೀರು ಆ ಬಂಡೆಗಳ ಸಂದಿಯಲ್ಲೇ ನುಗ್ಗಬೇಕು. ಉಬ್ಬರ ಇಳಿತಗಳ ನಡುವೆ ನೀರು ನಿಂತ ಹೊತ್ತಿನಲ್ಲಿ ಮಾತ್ರ ಇಳಿಯಿರಿ, ಅದು ಬೇಗ ಮುಗಿಯುತ್ತದೆ. ಮಾರ್ಕರ್ ಬಲೂನು ಮತ್ತು ರೀಲು ಜೊತೆಗಾರನ ಹತ್ತಿರ ಇದೆ ಎಂದು ಬಿಡಬೇಡ, ನಿನ್ನದು ನಿನ್ನ ಬಳಿ ಇರಲಿ. ಸೆಳೆತಕ್ಕೆ ಸಿಕ್ಕಿ ದೂರ ಎದ್ದರೆ ಬೋಟಿನವರಿಗೆ ಕಾಣುವುದು ಅದೊಂದೇ. ಸೆಳೆತ ಅತಿ ಜೋರಾಗಿರುವುದು ಹುಣ್ಣಿಮೆ, ಅಮಾವಾಸ್ಯೆಯಾಗಿ ಒಂದೆರಡು ದಿನಕ್ಕೆ. ಅಷ್ಟಮಿಯ ಆಸುಪಾಸು ತಣ್ಣಗಿರುತ್ತದೆ.

ಪಂಚಾಂಗ ತೆಗೆದು ನೋಡಿದೆ. ನಿಮ್ಮ ಕ್ಲಬ್ ಗೊತ್ತು ಮಾಡಿರುವ ಶನಿವಾರ ಹುಣ್ಣಿಮೆಯಾಗಿ ಎರಡನೇ ದಿನ. ಒಂದು ವಾರ ಮುಂದೆ ಹಾಕಲು ಆಗುತ್ತದೆಯೇ ಕೇಳು, ಅವರು ಏನಂದರು ಎಂದು ಇವತ್ತೇ ತಿಳಿಸು.

ನಿನ್ನ
ಅಪ್ಪ