ರಾತ್ರಿ ಮಾತ್ರ ಸರಿಹೋಗುವ ಪ್ರಯೋಗ

ಪ್ರೀತಿಯ ಪುಟ್ಟಿ,

ನೀನು ಫೋನ್ ಇಟ್ಟ ಮೇಲೆ ಒಂದು ಮೆಸೇಜ್ ಬರೆಯಲು ಕುಳಿತೆ. ಅದು ಬೆಳೆಯುತ್ತಲೇ ಹೋಯಿತು, ಅಳಿಸಿಬಿಟ್ಟೆ. ಇಷ್ಟು ಹೇಳುವುದಿದ್ದರೆ ಪತ್ರವೇ ವಾಸಿ. ಇದರಲ್ಲಿ ನೀನು ನನ್ನ ಮಾತನ್ನು ನಡುವೆ ತಡೆಯಲಾರೆ, ನಾನೂ ದನಿ ಏರಿಸಲಾರೆ.

ಯಾರು ಮೊದಲು ಏನೆಂದರು ಎಂಬ ಲೆಕ್ಕ ಬೇಡ, ಇಬ್ಬರಿಗೂ ನೆನಪಿದೆ. ದನಿ ಏರಿಸಿದ್ದಕ್ಕೆ ಕ್ಷಮಿಸು. ರಾತ್ರಿ ಒಬ್ಬಳೇ ಲ್ಯಾಬಿನಲ್ಲಿ ಕೆಲಸ ಮಾಡಬೇಡ ಎಂದು ಹೇಳಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನಿನ್ನ ಎರಡು ಮಾತು ಮಾತ್ರ ಇನ್ನೂ ತಲೆಯಲ್ಲಿ ಸುತ್ತುತ್ತಿವೆ. "ನಿನ್ನದು ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಲ್ಯಾಬ್ ಅಮ್ಮಾ, ಅಲ್ಲಿ ಪ್ರತಿಯೊಂದಕ್ಕೂ ಎರಡೆರಡು ಸಹಿ. ಸಂಶೋಧನೆ ಹಾಗೆ ನಡೆಯುವುದಿಲ್ಲ" ಎಂದೆ. ಇದು ಚುಚ್ಚಿತು. ಆದರೆ ನಿದ್ದೆ ಕೆಡಿಸಿದ್ದು ಇನ್ನೊಂದು: "ರಾತ್ರಿ ಹನ್ನೆರಡರ ಮೇಲೆ ಲ್ಯಾಬಿನಲ್ಲಿ ಯಾರೂ ಇರುವುದಿಲ್ಲ. ಆಗ ಮಾತ್ರ ನನ್ನ ರಿಯಾಕ್ಷನ್ ಸರಿಯಾಗಿ ಆಗುತ್ತದೆ."

ಮೊದಲು ರಿಯಾಕ್ಷನ್ ವಿಷಯಕ್ಕೇ ಬರುತ್ತೇನೆ, ಅದರಲ್ಲಿ ಜಗಳ ಕಡಿಮೆ. ನನಗೆ ಅರ್ಥವಾದದ್ದು ಇಷ್ಟು. ನಿನ್ನ ಲ್ಯಾಬಿನ ಹಿರಿಯ ಪ್ರಕಟಿಸಿ ಹೋದ ವಿಧಾನ ಅದು. ಪೆಲ್ಲಾಡಿಯಂ ವೇಗವರ್ಧಕ, ಜೊತೆಗೆ ಸಿಲ್ವರ್ ಕಾರ್ಬೊನೇಟ್. ಮೊದಲ ತಿಂಗಳುಗಳಲ್ಲಿ ನಿನಗೂ ಅವನಷ್ಟೇ ಇಳುವರಿ ಬರುತ್ತಿತ್ತು. ಸಿಲ್ವರ್ ಕಾರ್ಬೊನೇಟಿನ ಹೊಸ ಬಾಟಲಿ ತೆರೆದ ಮೇಲೆ ಒಮ್ಮೆ ಅರ್ಧ, ಒಮ್ಮೆ ಕಾಲು, ಒಮ್ಮೆ ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ತಟ್ಟೆಯಲ್ಲಿ ಮೂಲವಸ್ತುವಿನ ಚುಕ್ಕೆ ಬಿಟ್ಟು ಬೇರೇನೂ ಇಲ್ಲ. ನಿನ್ನ ಪಿಎಚ್.ಡಿ. ಗೈಡ್ "ನಿನ್ನ ಕೈ ಇನ್ನೂ ಪಳಗಿಲ್ಲ" ಎಂದರು. ನೀನು ನಂಬಿಬಿಟ್ಟೆ. ಅವರು ಅಂದದ್ದಕ್ಕಿಂತ ನೀನು ನಂಬಿದ್ದೇ ನನಗೆ ಸಿಟ್ಟು.

ಮೊದಲ ವರ್ಷದ ಸೆಮಿನಾರಿಗೆ ನೀನು ಆರಿಸಿಕೊಂಡ ವಿಷಯ ಯಾವುದು, ನೆನಪಿಸಿಕೋ. ನನ್ನನ್ನೇ ಸಭೆಯೆಂದು ಕೂರಿಸಿ ಅಭ್ಯಾಸ ಮಾಡಿದ್ದೆ. ಅಲ್ಡಿಹೈಡುಗಳ ಜೊತೆ ಕ್ರೋಮಿಯಂ ಕ್ಲೋರೈಡ್ ಬಳಸುವ ಒಂದು ರಿಯಾಕ್ಷನ್. ಒಂದು ಬಾಟಲಿಯದು ಕೆಲಸ ಮಾಡುತ್ತಿತ್ತು, ಇನ್ನೊಂದರದು ಮಾಡುತ್ತಿರಲಿಲ್ಲ. 1986ರಲ್ಲಿ ಹಾರ್ವರ್ಡ್‌ನಲ್ಲಿ ಕಿಶಿ ಅವರ ಗುಂಪು, ಜಪಾನಿನಲ್ಲಿ ನೊಜಾಕಿ ಅವರ ಗುಂಪು, ಬೇರೆಬೇರೆಯಾಗಿಯೇ ಕಾರಣ ಹಿಡಿದವು: ಒಳ್ಳೆಯ ಬಾಟಲಿ ಎನಿಸಿಕೊಂಡದ್ದರಲ್ಲಿ ಅತ್ಯಲ್ಪ ನಿಕಲ್ ಕಲಬೆರಕೆಯಾಗಿತ್ತು. ಶುದ್ಧವಾದದ್ದೇ ಕೈಕೊಡುತ್ತಿತ್ತು! ಈಗ ಅದೇ ನಿಕಲನ್ನು ಬೇಕೆಂದೇ ಹಾಕುತ್ತಾರೆ. ಇನ್ನೊಂದು ಕಥೆ ಸುಜುಕಿ ಜೋಡಣೆಯದು, ಪೆಲ್ಲಾಡಿಯಂ ಹಾಕಿ ಎರಡು ಅಣುಗಳನ್ನು ಬೆಸೆಯುವ ರಿಯಾಕ್ಷನ್. ಪೆಲ್ಲಾಡಿಯಂ ಇಲ್ಲದೆಯೂ ಅದು ಆಗುತ್ತದೆ ಎಂದು 2003ರಲ್ಲಿ ಒಂದು ಗುಂಪು ಪ್ರಕಟಿಸಿತು. 2005ರಲ್ಲಿ ಅದೇ ಗುಂಪು ತನ್ನ ಕೆಲಸವನ್ನು ತಾನೇ ಮರುಪರೀಕ್ಷಿಸಿ, ಅಂಗಡಿಯಿಂದ ತಂದ ಸೋಡಿಯಂ ಕಾರ್ಬೊನೇಟಿನಲ್ಲಿ ನೂರು ಕೋಟಿಗೆ 50 ಭಾಗದಷ್ಟು ಪೆಲ್ಲಾಡಿಯಂ ಇತ್ತು, ಕೆಲಸ ಮಾಡಿದ್ದು ಅದೇ ಇರಬೇಕು ಎಂದು ಬರೆಯಿತು. ಇದನ್ನು ಹೇಳುವಾಗ ನಿನ್ನ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ. ಜೀವನವಿಡೀ ಬಾಟಲಿಗಳ ಬ್ಯಾಚ್ ಸಂಖ್ಯೆ ಬರೆದುಕೊಂಡವಳಿಗೆ ಮಗಳ ಬಾಯಲ್ಲಿ ಅದರ ಮಹತ್ವ ಕೇಳುವುದೆಂದರೆ ಏನು ಹೆಮ್ಮೆ, ನಿನಗೆ ಗೊತ್ತಾಗಲಿಕ್ಕಿಲ್ಲ.

ಅಂಥವಳು ಈಗ ಹೊಸ ಬಾಟಲಿಯನ್ನು ಅನುಮಾನಿಸದೆ ತನ್ನ ಕೈಯನ್ನು ಅನುಮಾನಿಸುತ್ತಿದ್ದೀಯೆ. ಕೈ ಸರಿಯಿದೆ ಎಂದು ತೋರಿಸಲು ರಾತ್ರಿ ಎರಡು ಗಂಟೆಗೆ ಒಬ್ಬಳೇ, ಹೊಗೆ ಎಳೆದುಕೊಳ್ಳುವ ಫ್ಯೂಮ್ ಹುಡ್ ಮುಂದೆ ನಿಲ್ಲುತ್ತಿದ್ದೀಯೆ.

ನಾನು ನಿನಗೆ ಹೇಳದ ಸಂಗತಿಯೊಂದಿದೆ. ಅಪ್ಪನಿಗೂ ಅರ್ಧವನ್ನಷ್ಟೇ ಹೇಳಿದ್ದೇನೆ. ಆಗ ನೀನು ತೀರ ಚಿಕ್ಕವಳು. ನಾನು ಕೆಲಸ ಮಾಡುತ್ತಿದ್ದ ಕಡೆ ರಾತ್ರಿ ಪಾಳಿಯಲ್ಲಿ ಇಬ್ಬರು ಇರುತ್ತಿದ್ದೆವು. ಹುಡ್‌ನಲ್ಲಿ ತ್ಯಾಜ್ಯದ ಬಾಟಲಿಗಳಿದ್ದವು, ಆಮ್ಲಕ್ಕೆ ಒಂದು, ದ್ರಾವಕಗಳಿಗೆ ಒಂದು. ಹಿಂದಿನ ಪಾಳಿಯವರು ಯಾರೋ ಗಾಜಿನ ಸಾಮಾನು ತೊಳೆದ ನೈಟ್ರಿಕ್ ಆಮ್ಲವನ್ನು ಮೆಥನಾಲ್ ಇದ್ದ ಬಾಟಲಿಗೆ ಸುರಿದು ಮುಚ್ಚಳ ಬಿಗಿದು ಹೋಗಿದ್ದರು. ಸುರಿದ ಕ್ಷಣಕ್ಕೆ ಅದು ಏನೂ ಮಾಡುವುದಿಲ್ಲ, ನಿನಗೆ ಗೊತ್ತು. ನಿಧಾನವಾಗಿ ಬಿಸಿಯಾಗುತ್ತದೆ, ಅನಿಲ ಕಟ್ಟುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ನಾನು ಅದರ ಮುಂದೆಯೇ ನಿಂತು ಪಿಪೆಟ್ ತುಂಬಿಸುತ್ತಿದ್ದೆ. ಬ್ಯಾಲೆನ್ಸ್ ಕೋಣೆಯಿಂದ ಜೊತೆಗಾತಿ ಕೂಗಿದಳು. ತೂಕದ ಅಂಕಿಯನ್ನು ಎರಡನೆಯವರು ಕಣ್ಣಾರೆ ನೋಡಿ ಸಹಿ ಹಾಕಬೇಕಿತ್ತಲ್ಲ, ಅದಕ್ಕೆ. ಗೊಣಗಿಕೊಂಡೇ ಹೋದೆ. ಪೆನ್ನು ಹಿಡಿದಿದ್ದೆ, ಅಷ್ಟರಲ್ಲಿ ಸದ್ದು.

ಹಿಂದಿರುಗಿ ನೋಡಿದರೆ ಕೋಣೆಯ ತುಂಬ ಕಂದು ಹೊಗೆ. ಎದುರಿನ ಕಪಾಟಿನ ಮರದ ಬಾಗಿಲಿಗೆ ಬಾಟಲಿಯ ಗಾಜು ನಾಟಿಕೊಂಡಿತ್ತು, ಸರಿಯಾಗಿ ನನ್ನ ಎದೆಯ ಎತ್ತರಕ್ಕೆ. ಮರುದಿನ ನಾನು ಅದರ ಮುಂದೆ ನಿಂತು ಅಳತೆ ನೋಡಿದೆ. ಯಾಕೆ ನೋಡಿದೆನೋ.

ಗಾಜಿನ ಕಥೆ ಅಪ್ಪನಿಗೆ ಗೊತ್ತು. ಹೇಳದೆ ಉಳಿದದ್ದು ಆಮೇಲಿನದು. ನನಗೆ ಏನೂ ಆಗಿರಲಿಲ್ಲ. ಸ್ವಲ್ಪ ಕೆಮ್ಮು, ಕಣ್ಣುರಿ, ಅಷ್ಟೇ. ಮನೆಗೆ ಹೋಗಿ ಮಲಗುತ್ತೇನೆ ಎಂದೆ. ಜೊತೆಗಾತಿ ಬಿಡಲಿಲ್ಲ. ಆ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಅದನ್ನು ಉಸಿರಾಡಿದವರು ಗಂಟೆಗಟ್ಟಲೆ ಚೆನ್ನಾಗಿಯೇ ಇರಬಹುದು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಆಮೇಲೆ, ಕೆಲವೊಮ್ಮೆ ಮರುದಿನ, ನಿದ್ದೆಯಲ್ಲಿರುವಾಗ. ಇದು ನನಗೆ ಓದಿ ಗೊತ್ತಿತ್ತು ಪುಟ್ಟಿ, ಆದರೆ ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ. ಅವಳಿಗೆ ಬಂತು. ಎಳೆದುಕೊಂಡೇ ಆಸ್ಪತ್ರೆಗೆ ಹೋದಳು, ಬೆಳಗಾಗುವವರೆಗೆ ನನ್ನ ಉಸಿರಿನ ಮೇಲೆ ಕಣ್ಣಿಟ್ಟರು, ಕಳಿಸಿದರು. ಮನೆಗೆ ಬಂದಾಗ ನೀನು ಏಳಲು ಹಟ ಮಾಡುತ್ತಿದ್ದೆ.

ನಿನ್ನ ಫೋನ್ ಬಂದ ರಾತ್ರಿ ನಾನು ಯೋಚಿಸಿದ್ದು ಗಾಜಿನ ಬಗ್ಗೆ ಅಲ್ಲ. ಗಾಜು ತಪ್ಪಿತು, ಮುಗಿಯಿತು. ಒಬ್ಬಳೇ ಇದ್ದಿದ್ದರೆ ನಾನು ಕೆಮ್ಮುತ್ತಾ ನೆಲ ಒರೆಸಿ, ಮನೆಗೆ ಹೋಗಿ ಮಲಗುತ್ತಿದ್ದೆ. ನನ್ನ ಸ್ಥಿತಿ ನನಗೇ ಗೊತ್ತಾಗುತ್ತಿರಲಿಲ್ಲ. ಜಾಣತನ, ಅನುಭವ, ಯಾವುದೂ ಒದಗುತ್ತಿರಲಿಲ್ಲ, ಯಾಕೆಂದರೆ ಏಟು ತಿಂದ ತಲೆಯೇ ಯೋಚಿಸಬೇಕಾಗಿತ್ತು. ನೀನು ನನಗಿಂತ ಜಾಣೆ, ಒಪ್ಪುತ್ತೇನೆ. ನಾನು ಜನ್ಮದಲ್ಲಿ ಮುಟ್ಟದ, ಗಾಳಿ ತಾಗಿದರೆ ಹೊತ್ತಿಕೊಳ್ಳಬಲ್ಲ ಬ್ಯುಟೈಲ್ ಲಿಥಿಯಂ ಅನ್ನು ಸಿರಿಂಜಿನಲ್ಲಿ ಎಳೆಯುತ್ತೀಯೆ. ಆದರೂ ಬೆಂಕಿ ಹತ್ತಿದವಳು ತನ್ನ ಬೆನ್ನನ್ನು ತಾನು ನೋಡಿಕೊಳ್ಳಲಾರಳು.

ಲಾಸ್ ಏಂಜಲೀಸ್‌ನ ಪ್ರಕರಣ ನಿಮ್ಮ ಸುರಕ್ಷತಾ ತರಗತಿಯಲ್ಲಿ ಬಂದಿರಲೇಬೇಕು. 2008ರ ಡಿಸೆಂಬರ್ 29, ರಜೆಯ ವಾರ. ಇಪ್ಪತ್ಮೂರು ವರ್ಷದ ಸಂಶೋಧನಾ ಸಹಾಯಕಿ ಟರ್ಟ್-ಬ್ಯುಟೈಲ್ ಲಿಥಿಯಂ ಎಳೆಯುವಾಗ ಪ್ಲಾಸ್ಟಿಕ್ ಸಿರಿಂಜಿನ ದಂಡ ಕಳಚಿಬಂತು. ಗಾಳಿ ತಾಗಿದ ಕೂಡಲೇ ಅದು ಉರಿಯಿತು. ಮೈಮೇಲೆ ಲ್ಯಾಬ್ ಕೋಟ್ ಇರಲಿಲ್ಲ, ಕೃತಕ ನೂಲಿನ ಸ್ವೆಟರ್ ಇತ್ತು. ಹದಿನೆಂಟು ದಿನಗಳ ಮೇಲೆ ತೀರಿಕೊಂಡಳು. ಅಲ್ಲಿ ಬೇರೆಯವರು ಇದ್ದರಲ್ಲ, ಅಮ್ಮಾ, ಎನ್ನುತ್ತೀಯೆ. ಹೌದು, ಇದ್ದರು. ಹತ್ತಿರದಲ್ಲಿ ಜನ ಇದ್ದೂ ಹೀಗಾಯಿತು ಎಂಬುದನ್ನು ನೀನು ನಿನ್ನ ಪರವಾಗಿ ಬಳಸಬೇಡ. ನನಗೆ ಅದು ಇನ್ನಷ್ಟು ಭಯ ಹುಟ್ಟಿಸುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ಅವರದಂತೂ ಬೇರೆಯೇ ಬಗೆ. ವಿಷಕಾರಿ ಲೋಹಗಳಲ್ಲೇ ಪರಿಣತರು, ಕೈಗವಸು ತೊಟ್ಟು ಹುಡ್‌ನಲ್ಲೇ ಕೆಲಸ ಮಾಡಿದವರು. 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷದ ಒಂದೆರಡು ಹನಿ ಲ್ಯಾಟೆಕ್ಸ್ ಕೈಗವಸಿನ ಮೇಲೆ ಬಿತ್ತು, ತಿಂಗಳುಗಳ ಕಾಲ ಏನೂ ತಿಳಿಯಲಿಲ್ಲ, ಮರುವರ್ಷ ಜೂನ್‌ನಲ್ಲಿ ಹೋಗಿಬಿಟ್ಟರು. ಆ ಕೈಗವಸನ್ನು ಅದು ಕ್ಷಣಗಳಲ್ಲಿ ದಾಟುತ್ತದೆ ಎಂದು ಆಮೇಲಿನ ಪರೀಕ್ಷೆಯಲ್ಲಿ ಗೊತ್ತಾಯಿತು. ಇದನ್ನು ಯಾಕೆ ಬರೆದೆ? ಜೊತೆಗೆ ಯಾರಾದರೂ ಇದ್ದಿದ್ದರೂ ವೆಟರ್‌ಹಾನ್ ಉಳಿಯುತ್ತಿರಲಿಲ್ಲ. ನನ್ನ ವಾದಕ್ಕೆ ಇದರಿಂದ ಉಪಯೋಗವೇ ಇಲ್ಲ. ಹೆದರಿದಾಗ ಎಲ್ಲ ಹೆದರಿಕೆಗಳೂ ಒಟ್ಟಿಗೆ ಏಳುತ್ತವೆ, ಅಷ್ಟೇ.

ಪಾಠ ಮಾಡುವುದಿಲ್ಲ ಎಂದುಕೊಂಡೇ ಕುಳಿತೆ, ಆದರೂ ಹೇಳಿಬಿಡುತ್ತೇನೆ. ರಿಯಾಕ್ಷನ್ ರಾತ್ರಿಯಿಡೀ ತಿರುಗಬೇಕಿದ್ದರೆ ತಿರುಗಲಿ. ಕಂಡೆನ್ಸರಿನ ನೀರಿನ ಕೊಳವೆಗೆ ಕ್ಲಿಪ್ ಹಾಕು, ಬಾಗಿಲ ಮೇಲೆ ದ್ರಾವಕದ ಹೆಸರು, ಉಷ್ಣತೆ, ನಿನ್ನ ಫೋನ್ ನಂಬರ್ ಬರೆದು ಅಂಟಿಸಿ ಮಲಗಲು ಹೋಗು. ಗಾಳಿ ತಾಗಿದರೆ ಹೊತ್ತಿಕೊಳ್ಳುವುದನ್ನು, ಕುದಿಸುವುದನ್ನು, ಉಳಿದದ್ದನ್ನು ನಂದಿಸಿ ಚೆಲ್ಲುವುದನ್ನು ಇನ್ನೊಬ್ಬರು ಕೂಗಳತೆಯಲ್ಲಿ ಇರುವಾಗ ಮಾತ್ರ ಮಾಡು. ಇನ್ನೊಬ್ಬರು ಎಂದರೆ ಹೆಡ್‌ಫೋನ್ ಹಾಕಿಕೊಂಡು ಮೂರನೆಯ ಕೋಣೆಯಲ್ಲಿ ಕುಳಿತವರಲ್ಲ. ತ್ಯಾಜ್ಯದ ಬಾಟಲಿಗೆ ಏನು ಸುರಿದೆ ಎಂದು ಪ್ರತಿ ಸಲ ಚೀಟಿಯಲ್ಲಿ ಬರೆ, ಗಾಳಿ ಬಿಡುವ ಮುಚ್ಚಳ ಕೇಳಿ ಪಡೆ, ಕೊಡದಿದ್ದರೆ ಮುಚ್ಚಳ ಸಡಿಲವಾಗಿರಲಿ. ನೋಟ್‌ಬುಕ್ಕಿನಲ್ಲಿ ಕೆಟ್ಟ ಪ್ರಯೋಗಗಳನ್ನೂ ಬರೆ. ನೀನು ಕಳಿಸಿದ ಪುಟದ ಫೋಟೋದಲ್ಲಿ "ಆಗಲಿಲ್ಲ" ಎಂಬ ಒಂದು ಶಬ್ದ ಬಿಟ್ಟರೆ ಬೇರೇನೂ ಇರಲಿಲ್ಲ. ಯಾವ ಬಾಟಲಿ, ಯಾವ ಬ್ಯಾಚ್, ಯಾವಾಗ ತೆರೆದದ್ದು, ಎಷ್ಟು ಹೊತ್ತಿಗೆ ತೂಗಿದ್ದು, ದ್ರಾವಣ ಕಲಕಲು ಹಾಕಿದ ಅಯಸ್ಕಾಂತದ ಕಡ್ಡಿ, ಅಂದರೆ ಸ್ಟರ್ ಬಾರ್, ಯಾವುದು? ಹಳೆಯ ಸ್ಟರ್ ಬಾರ್‌ಗೆ ಹಿಂದಿನ ಪೆಲ್ಲಾಡಿಯಂ ಅಂಟಿಕೊಂಡಿರಬಹುದು, ಇದೂ ನೀನೇ ಹೇಳಿಕೊಟ್ಟದ್ದು.

ಗೈಡ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಅವರನ್ನು ನಾನು ಬಲ್ಲವಳಲ್ಲ. ಕೆಟ್ಟವರೆಂದು ನನಗನಿಸಿಲ್ಲ. ಆದರೆ ಅವರ ಹೆಸರು ಆ ಪ್ರಬಂಧದಲ್ಲಿದೆ, ನಿನ್ನ ಹೆಸರು ಇಲ್ಲ. ವಿಧಾನ ತಪ್ಪು ಎಂದು ಹೋದರೆ ಅವರು ಕೇಳುವುದಿಲ್ಲ, ಬಾಟಲಿ ಬದಲಾಯಿತು ಎಂದು ಅಂಕಿ ಹಿಡಿದು ಹೋದರೆ ಕೇಳಬಹುದು. ನಿನ್ನ ಹಿರಿಯನಿಗೂ ಬರೆದು ನೋಡು, ಯಾವ ಬಾಟಲಿ ಬಳಸುತ್ತಿದ್ದೆ ಎಂದಷ್ಟೇ ಕೇಳು, ಆರೋಪದ ದನಿ ಬೇಡ. 'ಆರ್ಗ್ಯಾನಿಕ್ ಸಿಂಥಸೀಸ್' ಎಂಬ ಸಂಪುಟಗಳನ್ನು 1921ರಿಂದ ತರುತ್ತಿದ್ದಾರಲ್ಲ, ಅದರಲ್ಲಿ ಅಚ್ಚಾಗುವ ಪ್ರತಿ ವಿಧಾನವನ್ನೂ ಬೇರೊಂದು ಲ್ಯಾಬಿನವರು ಮಾಡಿ ನೋಡುತ್ತಾರೆ, ಅದು ಆಗದಿದ್ದರೆ ಅಚ್ಚಾಗುವುದಿಲ್ಲ. ಸಂಶೋಧನೆಯಲ್ಲೂ ಎರಡನೆಯ ಸಹಿ ಇದೆ ಎಂದು ಹೇಳುವ ಅವಕಾಶ ನಾನು ಬಿಡುತ್ತೇನೆಯೇ?

ಪಿಎಚ್.ಡಿ. ಬಿಟ್ಟುಬಿಡುತ್ತೇನೆ ಎಂದೂ ನೀನು ಅಂದೆ. ಬಿಟ್ಟರೆ ಮನೆ ಮುಳುಗುವುದಿಲ್ಲ. ಪಿಎಚ್.ಡಿ. ಅರ್ಧಕ್ಕೆ ಬಿಟ್ಟು ಚೆನ್ನಾಗಿ ಬದುಕಿದವರ ಜೊತೆ ನಾನು ಕೆಲಸ ಮಾಡಿದ್ದೇನೆ. ಈ ಕೆಲಸ ಬೇಡವಾಗಿದ್ದರೆ ಬಿಡು, ಒಂದು ಬಾಟಲಿಗೆ ಹೆದರಿ ಬಿಡಬೇಡ.

ಈಗ ಮುಖ್ಯವಾದದ್ದು. ರಾತ್ರಿ ಮಾತ್ರ ಸರಿಯಾಗುತ್ತದೆ ಎಂದೆಯಲ್ಲ, ಅದನ್ನು ನಾನು ಮೊದಲು ಬರೀ ಹಟ ಎಂದುಕೊಂಡೆ. ಆಮೇಲೆ ಯೋಚಿಸಿದೆ. ಸಿಲ್ವರ್ ನೈಟ್ರೇಟ್ ದ್ರಾವಣವನ್ನು ನಾವು ಕಂದು ಬಾಟಲಿ ಬಿಟ್ಟು ಬೇರೆಯದರಲ್ಲಿ ಇಟ್ಟವರೇ ಅಲ್ಲ. ಸಿಲ್ವರ್ ಕಾರ್ಬೊನೇಟಿಗೂ ಬೆಳಕು ಆಗಿಬರುವುದಿಲ್ಲ, ಕಪ್ಪಾಗುತ್ತಾ ಹೋಗುತ್ತದೆ. ನಿನ್ನ ಬೆಂಚು ಕಿಟಕಿಯ ಪಕ್ಕದಲ್ಲಿದೆ, ವೀಡಿಯೊ ಕರೆಯಲ್ಲಿ ನಿನ್ನ ಮುಖವೇ ಕಾಣದಷ್ಟು ಬಿಸಿಲು. ಹೊಸ ಬಾಟಲಿ ಎಷ್ಟು ದಿನದಿಂದ ಅಲ್ಲಿ ಕುಳಿತಿದೆ? ಇದು ನನ್ನ ಊಹೆ ಮಾತ್ರ, ತಪ್ಪಿರಬಹುದು, ನೀನು ನಗಬಹುದು. ಆದರೆ ಹಳೆಯ ಬಾಟಲಿಯ ತಳದಲ್ಲಿ ಚೂರು ಉಳಿದಿದೆ ಎಂದಿದ್ದೆ. ಅದನ್ನು ಎಸೆಯಬೇಡ. ಹಗಲು ಹನ್ನೊಂದಕ್ಕೆ, ಎಲ್ಲರೂ ಇರುವಾಗ, ಒಂದೇ ಹೀಟಿಂಗ್ ಬ್ಲಾಕಿನಲ್ಲಿ ನಾಲ್ಕು ಚಿಕ್ಕ ಫ್ಲಾಸ್ಕ್ ಇಡು: ಹಳೆಯ ಬಾಟಲಿಯದು ಎರಡು, ಹೊಸದರದು ಎರಡು. ಎರಡರಲ್ಲೂ ಒಂದೊಂದಕ್ಕೆ ತೂಗುವ ಹಂತದಿಂದಲೇ ಬೆಳಕು ತಾಗದಂತೆ ನೋಡಿಕೊಂಡು ಅಲ್ಯೂಮಿನಿಯಂ ಹಾಳೆ ಸುತ್ತು. ನಾಲ್ಕೂ ನಿನ್ನ ಕೈಯವೇ ಆಗಿರಲಿ, ಬೇರೆಯವರಿಗೆ ಕೊಡಬೇಡ. ಕೈಯೇ ಕೆಟ್ಟದ್ದಾದರೆ ನಾಲ್ಕೂ ಒಂದೇ ರೀತಿ ಕೆಡಬೇಕಲ್ಲ.

ಟಿಎಲ್‌ಸಿ ತಟ್ಟೆಯ ಫೋಟೋ ಕಳಿಸು, ಯಾವ ಚುಕ್ಕೆ ಯಾವ ಫ್ಲಾಸ್ಕಿನದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ನನ್ನ ಕರೆ ಎತ್ತಲು ಇಷ್ಟವಿಲ್ಲದಿದ್ದರೆ ಅಪ್ಪನ ಫೋನಿಗೆ ಕಳಿಸು, ಅವರಿಗೆ ಅರ್ಥವಾಗುವುದಿಲ್ಲ, ನನಗೇ ತೋರಿಸುತ್ತಾರೆ.

ಇಂತಿ,
ನಿನ್ನ ಅಮ್ಮ