ಮೈಸೂರಿಗೆ ಕಳುಹಿಸಿದ ರೋಗಿ ಏನಾದ? ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಕೊಡಗು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ಕೊಡಗಿಗೆ ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಎದ್ದ ಕೂಗು ತಮಗೂ ನೆನಪಿರಬಹುದು. ಬೇಡಿಕೆ ನ್ಯಾಯವಾದದ್ದೇ. ಆದರೆ ಅಂದಿನಿಂದ ಇಂದಿನವರೆಗೆ ಮಾತೆಲ್ಲ ಕಟ್ಟಡ, ಯಂತ್ರ, ತಜ್ಞ ವೈದ್ಯರ ಸುತ್ತಲೇ ತಿರುಗುತ್ತಿದೆ. ಶುಶ್ರೂಷಾಧಿಕಾರಿಗಳ ಪ್ರಸ್ತಾಪ ಬಂದರೆ ಅದು ಖಾಲಿ ಹುದ್ದೆಗಳ ಪಟ್ಟಿಯಲ್ಲಿ ಒಂದು ಅಂಕಿಯಾಗಿ, ಇಲ್ಲವೇ ‘ರೋಗಿಗಳೊಂದಿಗೆ ಸೌಜನ್ಯದಿಂದ ವರ್ತಿಸಿ’ ಎಂಬ ತಾಕೀತಾಗಿ. ಆ ತಾಕೀತನ್ನು ಸರ್ಕಾರಿ ಸೇವೆಯಲ್ಲಿ ಇದ್ದಷ್ಟು ಕಾಲವೂ ಕೇಳಿದ್ದೇನೆ, ನಿವೃತ್ತಳಾದ ಮೇಲೆ ಪತ್ರಿಕೆಯಲ್ಲಿ ಓದುತ್ತಿದ್ದೇನೆ. ಇದ್ದ ಸೌಜನ್ಯ ಎಲ್ಲಿ ಬತ್ತಿತು ಎಂದು ಯಾರೂ ವಿಚಾರಿಸಿದ್ದು ಕಾಣೆ.

ನಮ್ಮ ಜಿಲ್ಲೆಯಲ್ಲಿ ಅದು ಬತ್ತುವ ಒಂದು ಜಾಗವನ್ನು ತೋರಿಸುತ್ತೇನೆ. ತಲೆಗೆ ಪೆಟ್ಟು ಬಿದ್ದವರು, ಎದೆನೋವಿನವರು, ಕಾಡಾನೆ ದಾಳಿಗೆ ಸಿಕ್ಕವರು, ಯಾರದೇ ಸ್ಥಿತಿ ಕೈಮೀರಿದರೆ ಮೈಸೂರು ಅಥವಾ ಮಂಗಳೂರೇ ಗತಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಆ ಪ್ರಯಾಣವನ್ನು ರೋಗಿ ತಾಳಿಕೊಳ್ಳುವಂತೆ ಸಿದ್ಧಪಡಿಸುವ ಕೆಲಸದಲ್ಲಿ ಬಹುಪಾಲು ನರ್ಸಿನದು. ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿದೆ, ಜನರೇಟರ್ ಇನ್ನೂ ಹತ್ತಿಲ್ಲ ಎಂದುಕೊಳ್ಳಿ. ಆಯಾ ಹಿಡಿದ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ, ರಕ್ತದೊತ್ತಡ ಕುಸಿದು ನರವೇ ಸಿಗದ ಕೈಯಲ್ಲಿ ನರ ಹುಡುಕಿ ಡ್ರಿಪ್ ಹಾಕಬೇಕು. ಆಮ್ಲಜನಕದ ಸಿಲಿಂಡರ್ ಹುಣಸೂರು ದಾಟುವವರೆಗಾದರೂ ಬರುತ್ತದೆಯೇ ಎಂದು ಮೀಟರ್ ನೋಡಬೇಕು. ತೋಟದ ಲೈನ್‌ಮನೆಯಿಂದ ಬಂದ ಅಸ್ಸಾಮಿನ ಹೆಂಗಸಿಗೆ ಅರೆಬರೆ ಹಿಂದಿಯಲ್ಲಿ ಗಂಡನ ಸ್ಥಿತಿ ತಿಳಿಸಬೇಕು. ಚೀಟಿ ಬರೆದು, ಆಂಬುಲೆನ್ಸ್ ಹತ್ತಿಸಿ, ರಿಜಿಸ್ಟರಿನಲ್ಲಿ ‘ಹೆಚ್ಚಿನ ಚಿಕಿತ್ಸೆಗೆ ರವಾನೆ’ ಎಂದು ನಮೂದಿಸಿದರೆ ಅಲ್ಲಿಗೆ ಮುಗಿಯಿತು.

ಆತ ಬದುಕಿದನೇ? ತಿಳಿಯುವುದಿಲ್ಲ. ಅಪರೂಪಕ್ಕೆ ಸಂತೆಯಲ್ಲಿ ಯಾರೋ ಎದುರು ಬಂದು ‘ಸಿಸ್ಟರ್, ಗುರುತು ಸಿಕ್ಕಿತೇ?’ ಎಂದು ಕೇಳಿದಾಗ ಗೊತ್ತಾಗುತ್ತದೆ. ಉಳಿದವರ ವಿಷಯ ಗೊತ್ತಾಗುವುದೇ ಇಲ್ಲ. ಸಾಯುವವರು ನಮ್ಮ ಕಣ್ಣೆದುರು ಸಾಯುತ್ತಾರೆ, ಬದುಕುವವರು ಮೈಸೂರಿನಲ್ಲಿ ಬದುಕುತ್ತಾರೆ. ಹೀಗಿರುವಲ್ಲಿ ದುಡಿಯುವವಳ ಮನಸ್ಸಿನಲ್ಲಿ ಯಾವ ಲೆಕ್ಕ ಉಳಿಯುತ್ತದೆ, ಹೇಳಿ.

ಇದು ನನ್ನೊಬ್ಬಳ ಕೊರಗಲ್ಲ. ಕೆಲಸದಲ್ಲಿ ಹುರುಪು ಹುಟ್ಟಿಸುವ ಐದು ಗುಣಗಳನ್ನು ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1976ರಲ್ಲಿ ಗುರುತಿಸಿದರು. ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಕಾಣುವುದು ಅವುಗಳಲ್ಲಿ ಒಂದು, ಅದರ ಫಲ ತಿಳಿಯುವುದು ಇನ್ನೊಂದು. ನಮ್ಮ ತುರ್ತು ಚಿಕಿತ್ಸಾ ಘಟಕಗಳಲ್ಲಿ ಈ ಎರಡಕ್ಕೂ ಕತ್ತರಿ ಬಿದ್ದಿದೆ. ಮುಂದೇನಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಅವರ ಅಧ್ಯಯನಗಳು ಹೇಳುತ್ತವೆ. ಅವರ ಪ್ರಕಾರ ಕೆಲಸದಿಂದ ಬರುವ ಬಳಲಿಕೆಗೆ ಮೂರು ಮುಖ: ಮನಸ್ಸು ಬರಿದಾಗುವುದು, ಎದುರಿಗಿರುವವರು ಮನುಷ್ಯರೆಂಬ ಭಾವ ಕಡಿಮೆಯಾಗುವುದು, ತನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ತನ್ನ ರೋಗ ವರ್ಗೀಕರಣದ ಪಟ್ಟಿಗೆ ಸೇರಿಸಿತು. ಆ ಎರಡನೆಯ ಮುಖವನ್ನೇ ಸಾರ್ವಜನಿಕರು ‘ಸಿಸ್ಟರ್ ಸಿಡುಕುತ್ತಾರೆ’ ಎನ್ನುವುದು. ‘ಹನ್ನೆರಡನೇ ಬೆಡ್‌ಗೆ ಇಂಜೆಕ್ಷನ್ ಆಯಿತಾ?’ ಎಂದು ಕೇಳುವವಳು ಕಟುಕಿಯಲ್ಲ. ಹೆಸರು ನೆನಪಿಟ್ಟುಕೊಂಡವರೆಲ್ಲ ಸುದ್ದಿಯಿಲ್ಲದೆ ಹೋದಾಗ ಬೆಡ್ ಸಂಖ್ಯೆಯೇ ಹಗುರ ಎನಿಸುತ್ತದೆ. ಮನೋವಿಶ್ಲೇಷಕಿ ಇಸಬೆಲ್ ಮೆನ್ಜೀಸ್ ಲಂಡನ್ನಿನ ಆಸ್ಪತ್ರೆಯೊಂದರ ನರ್ಸ್‌ಗಳ ಬಗ್ಗೆ 1960ರಲ್ಲೇ ಇದನ್ನು ಬರೆದಿದ್ದರು. ರೋಗಿಯನ್ನು ಹಚ್ಚಿಕೊಳ್ಳದಂತೆ ಕೆಲಸವನ್ನು ತುಂಡು ತುಂಡು ಮಾಡಿ ಹಂಚಿದ ಆ ವ್ಯವಸ್ಥೆ, ಆತಂಕ ಕಡಿಮೆ ಮಾಡುವ ಬದಲು ಕೆಲಸದ ತೃಪ್ತಿಯನ್ನೇ ಕಿತ್ತುಕೊಂಡಿತ್ತು.

ಆದ್ದರಿಂದ ನನ್ನ ಮುಖ್ಯ ಬೇಡಿಕೆ ಬಹಳ ಅಗ್ಗದ್ದು. ಜಿಲ್ಲೆಯಿಂದ ಹೊರಗೆ ಕಳುಹಿಸಿದ ಪ್ರತಿ ರೋಗಿಯ ಬಗ್ಗೆ, ಸೇರಿಸಿಕೊಂಡ ಸರ್ಕಾರಿ ಆಸ್ಪತ್ರೆಯಿಂದ ವಾರದೊಳಗೆ ಒಂದೇ ಒಂದು ಸಾಲು ವಾಪಸು ಬರಲಿ. ಗುಣಮುಖ, ಚಿಕಿತ್ಸೆಯಲ್ಲಿದ್ದಾರೆ, ತೀರಿಕೊಂಡರು, ಇಷ್ಟು ಸಾಕು. ಜೊತೆಗೆ ‘ದಾರಿಯಲ್ಲಿ ಡ್ರಿಪ್ ಕಳಚಿತ್ತು’ ಎಂದೋ ‘ರಕ್ತಸ್ರಾವ ನಿಲ್ಲಿಸಿ ಕಳುಹಿಸಿದ್ದು ಒಳ್ಳೆಯದಾಯಿತು’ ಎಂದೋ ಬರೆದರೆ ಅದಕ್ಕಿಂತ ಒಳ್ಳೆಯ ತರಬೇತಿ ಇನ್ನೊಂದಿಲ್ಲ. ಅದು ಅಧೀಕ್ಷಕರ ಕಡತದಲ್ಲಿ ಕೂರಬಾರದು, ರೋಗಿಯನ್ನು ಕಳುಹಿಸಿದ ಪಾಳಿಯವರ ಕೈಗೆ ಬರಬೇಕು. ರೋಗಿಯ ಗೋಪ್ಯತೆಯ ಪ್ರಶ್ನೆ ಎತ್ತುವವರು ಇದ್ದಾರೆ. ಆದರೆ ಚಿಕಿತ್ಸೆ ನೀಡಿದ ವಾರ್ಡಿಗೇ ಅದನ್ನು ತಿಳಿಸುವುದಕ್ಕೆ ದಾರಿ ಹುಡುಕುವುದು ಅಷ್ಟೇನೂ ಕಷ್ಟವಲ್ಲ.

ಇನ್ನು ಡ್ಯೂಟಿ ಪಟ್ಟಿ. ಗೆರೆ ಎಳೆದ ಒಂದು ಹಾಳೆಯನ್ನು ಡ್ಯೂಟಿ ಕೋಣೆಯ ಗೋಡೆಗೆ ಅಂಟಿಸಿರುತ್ತಾರೆ. ತಿಂಗಳ ಕೊನೆಗೆ ಅದರ ಮೇಲೆ ವೈಟ್ನರ್ ಎಷ್ಟು ದಪ್ಪವೋ ಆ ವಾರ್ಡಿನ ನೆಮ್ಮದಿ ಅಷ್ಟು ತೆಳು. ಸುಗ್ಗಿ ಹಬ್ಬವಾದ ಪುತ್ತರಿಯ ದಿನ ಕದಿರು ತೆಗೆಯುವ ಹೊತ್ತಿಗೆ ಮನೆಯಲ್ಲಿರಬೇಕೆಂದು ಒಬ್ಬಳು ಮೊದಲೇ ಕೇಳಿ ಒಪ್ಪಿಗೆ ಪಡೆದಿರುತ್ತಾಳೆ. ಹಿಂದಿನ ಸಂಜೆ ಫೋನ್ ಬರುತ್ತದೆ: ‘ನಾಳೆ ನೈಟ್ ಡ್ಯೂಟಿಗೆ ಬನ್ನಿ.’ ಆಕೆ ಬರುತ್ತಾಳೆ. ಅವಳನ್ನು ಕುಗ್ಗಿಸುವುದು ದುಡಿಮೆಯಲ್ಲ, ಒಂದು ಮಾತೂ ಕೇಳದೆ ಬದಲಾಯಿಸಿದರಲ್ಲ ಎಂಬುದು. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುವ ಮೂರು ಮೂಲಭೂತ ಮಾನಸಿಕ ಅಗತ್ಯಗಳಲ್ಲಿ ಮೊದಲನೆಯದೇ ತನ್ನ ಬದುಕಿನ ಮೇಲೆ ತನಗೆ ಹಿಡಿತ ಇರುವುದು. ಇನ್ನೆರಡು, ಕೆಲಸ ತನಗೆ ಬರುತ್ತದೆ ಎಂಬ ಭರವಸೆ ಮತ್ತು ಜೊತೆಯವರಲ್ಲಿ ತಾನೂ ಒಬ್ಬಳು ಎಂಬ ಭಾವ. ರಾತ್ರಿ 8ಕ್ಕೆ ಪಾಳಿ ಮುಗಿಸಿದವಳಿಗೆ ಹಳ್ಳಿಯ ಕೊನೆಯ ಬಸ್ ತಪ್ಪಿರುತ್ತದೆ, ತೋಟದ ದಾರಿಯಲ್ಲಿ ಆನೆಯ ಭಯ ಬೇರೆ. ಖಾಸಗಿ ಬಸ್ಸುಗಳನ್ನೇ ನಂಬಿದ ದಾರಿಗಳಲ್ಲಿ ಶಕ್ತಿ ಯೋಜನೆಯೂ ಉಪಯೋಗಕ್ಕೆ ಬಾರದು. ಪಟ್ಟಿ ತಯಾರಿಸುವಾಗ ಅವಳನ್ನು ಕೇಳಿದ್ದರೆ ಇಷ್ಟೂ ಗೊತ್ತಾಗುತ್ತಿತ್ತು.

ಜನವಿಲ್ಲದಿದ್ದರೆ ಪಟ್ಟಿ ಬದಲಾಗಲೇಬೇಕು ಎಂದು ಅಧಿಕಾರಿಗಳು ಹೇಳಬಹುದು. ಸರಿ. ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸ್, ಅಂದರೆ ಮೂರು ಪಾಳಿಗೆ ಹಂಚಿದಾಗ ಪಾಳಿಗೆ ಒಂಬತ್ತು ಹಾಸಿಗೆಗೆ ಒಬ್ಬರು, ಅದರ ಮೇಲೆ ರಜೆಗೆಂದು ಶೇ 30 ಹೆಚ್ಚುವರಿ ಸಿಬ್ಬಂದಿ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಆ ಶೇ 30 ಇದ್ದಲ್ಲಿ ಹಿಂದಿನ ಸಂಜೆಯ ಫೋನ್ ಇರುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಂಡಾ ಐಕೆನ್ ಮತ್ತು ಸಂಗಡಿಗರು 168 ಆಸ್ಪತ್ರೆಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು, ನರ್ಸ್ ಬಳಲಿ ಬೆಂಡಾಗುವ ಸಂಭವ ಶೇ 23ರಷ್ಟು ಏರುತ್ತದೆ.

ಸಂಬಳದ ಮಾತು. ಸಂಬಳ ಅಸಮಾಧಾನವನ್ನು ತಡೆಯುತ್ತದೆಯೇ ಹೊರತು ಉತ್ಸಾಹ ಹುಟ್ಟಿಸುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ವಾದಿಸಿದ್ದರು. ದಯವಿಟ್ಟು ಈ ಸಾಲನ್ನು ಹಣಕಾಸು ಇಲಾಖೆಯವರ ಕಣ್ಣಿಗೆ ಬೀಳಿಸಬೇಡಿ! ಅಸಮಾಧಾನ ತಡೆಯುವುದೇನು ಸಣ್ಣ ಕೆಲಸವೇ? ಪಕ್ಕದ ಹಾಸಿಗೆ ನೋಡಿಕೊಳ್ಳುವ ಕಾಯಂ ನರ್ಸಿನಷ್ಟೇ ದುಡಿದು ಅದಕ್ಕಿಂತ ಎಷ್ಟೋ ಕಡಿಮೆ ಪಡೆಯುವ ಗುತ್ತಿಗೆ ನರ್ಸಿಗೆ ಮನೋಬಲದ ಉಪನ್ಯಾಸ ಕೊಡುವುದು ಅವಮಾನ. 2023ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ರಾಜ್ಯದಾದ್ಯಂತ ಮುಷ್ಕರಕ್ಕೆ ಇಳಿದದ್ದು ಸುಮ್ಮನೆ ಅಲ್ಲ.

ನಮ್ಮವರಲ್ಲಿ ಹುರುಪೇ ಇಲ್ಲ ಎನ್ನುವವರಿಗೆ 2018ರ ಆಗಸ್ಟ್ ತೋರಿಸುತ್ತೇನೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರ ಸೇರಿದಾಗ ನರ್ಸ್‌ಗಳು ಪಾಳಿಯ ಗಡಿಯಾರ ನೋಡಲಿಲ್ಲ. ಆ ದಿನಗಳಲ್ಲಿ ಮೇಲಿನ ಆದೇಶಕ್ಕೆ ಕಾಯುವಂತಿರಲಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ಮನೆಯ ಜೊತೆ ಮಣ್ಣುಪಾಲಾದವರನ್ನು ಅವರೇ ಹುಡುಕಿ ಪಟ್ಟಿ ಮಾಡಿದರು. ಮಾತ್ರೆ ಕೊಟ್ಟವರು ಮರುದಿನ ಬೆಳಗ್ಗೆ ಅದೇ ಚಾಪೆಯ ಮೇಲೆ ಕಣ್ಣೆದುರಿಗೇ ಕುಳಿತಿರುತ್ತಿದ್ದರು. ಅದಕ್ಕಿಂತ ದಣಿದ ದಿನಗಳಿರಲಿಲ್ಲ, ಕೆಲಸ ಬಿಡುವ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಹುದ್ದೆ ತುಂಬುವುದು, ಗುತ್ತಿಗೆಯವರನ್ನು ಕಾಯಂ ಮಾಡುವುದು ಬೆಂಗಳೂರಿನ ಕೆಲಸ, ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದು ನಮಗೂ ಗೊತ್ತು. ವಾಪಸು ಬರುವ ಆ ಒಂದು ಸಾಲಿಗೆ ಮೈಸೂರಿನ ಸರ್ಕಾರಿ ಆಸ್ಪತ್ರೆಯವರೊಂದಿಗೆ ತಾವು ಆಡುವ ಒಂದು ಮಾತು ಸಾಕು. ಡ್ಯೂಟಿ ಪಟ್ಟಿಯನ್ನು ತಿಂಗಳ ಮೊದಲೇ, ವಾರ್ಡಿನವರನ್ನು ಕೂರಿಸಿಕೊಂಡು ತಯಾರಿಸಬೇಕೆಂದು ಜಿಲ್ಲಾ ಮಟ್ಟದಲ್ಲೇ ಸುತ್ತೋಲೆ ಹೊರಡಿಸಬಹುದು. ಪ್ರತಿ ಆಸ್ಪತ್ರೆಯ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಒಬ್ಬ ವಾರ್ಡ್ ನರ್ಸನ್ನು ಕರೆಯಿರಿ. ಹೆಸರನ್ನು ಅಧೀಕ್ಷಕರು ಸೂಚಿಸುವುದು ಬೇಡ, ನರ್ಸ್‌ಗಳೇ ಆರಿಸಲಿ. ಆಕೆ ಆಡಿದ ಮಾತು ನಡಾವಳಿಯಲ್ಲಿ ದಾಖಲಾಗಲಿ, ಅದರ ಮೇಲೆ ಏನು ಕ್ರಮವಾಯಿತು ಎಂಬುದನ್ನು ಮುಂದಿನ ಸಭೆಯಲ್ಲಿ ಓದಲಿ.

ತಮ್ಮ ಉತ್ತರವನ್ನು ನಿರೀಕ್ಷಿಸುತ್ತಿರುವ,
ನಿವೃತ್ತ ಶುಶ್ರೂಷಾಧಿಕಾರಿ,
ಮಡಿಕೇರಿ ತಾಲ್ಲೂಕು