ನೀರಡಿಕೆಯಾಗಿದೆ ಅಂದವನು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ, ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿರುವವಳ ಬಗ್ಗೆ ನೀನು ಕೇಳಿದೆ, "ಅವಳು ಇಷ್ಟು ನರಳಿದರೆ ದೇವರಿಗೆ ಏನು ಸಿಗುತ್ತೆ?" ಅಂತ. ನಾನು ಗಡಿಬಿಡಿಯಲ್ಲಿ ಬೈಬಲಿನ ಒಂದು ವಚನ ಹೇಳಿದೆ. ನೀನು "ಸರಿ" ಅಂದು ಫೋನ್ ಇಟ್ಟುಬಿಟ್ಟೆ. ಆ "ಸರಿ" ಇನ್ನೂ ನನ್ನ ಕಿವಿಯಲ್ಲೇ ಇದೆ. ಕ್ಷಮಿಸು. ಆ ಹೊತ್ತಿಗೆ ನಿನಗೆ ವಚನ ಬೇಕಿರಲಿಲ್ಲ.

ನೋವು ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಯೇಸುವೂ ಹೇಳಲಿಲ್ಲ. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅವನ ಸಮಾಧಿಯ ಹತ್ತಿರ ಅತ್ತನು. ಹುಟ್ಟು ಕುರುಡನನ್ನು ನೋಡಿ "ಯಾರ ಪಾಪ ಇದು, ಇವನದೋ, ಹೆತ್ತವರದೋ?" ಅಂತ ಶಿಷ್ಯರು ಕೇಳಿದರೆ, ಯಾರದೂ ಅಲ್ಲ ಅಂದನು. ಹಾಗಾಗಿ ನಿಮ್ಮ ಮನೆಗೆ ಬಂದು ಪಾಪದ ಲೆಕ್ಕ ತೆಗೆಯುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರೂ ಅಧ್ಯಾಯಗಟ್ಟಲೆ ಅದನ್ನೇ ಮಾಡಿದರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ. ಅವರು ಮಾಡಿದ ಒಂದೇ ಒಳ್ಳೆಯ ಕೆಲಸ ಅಂದರೆ ಮೊದಲ ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ನೆ ಕೂತದ್ದು.

ನಿನಗೆ ಪ್ರಾರ್ಥನೆ ಬರುತ್ತಿಲ್ಲ ಅಂದೆಯಲ್ಲ, ಬೈಬಲಿನ 88ನೇ ಕೀರ್ತನೆ ಓದಿ ನೋಡು. ಬೇರೆ ಹೆಚ್ಚಿನ ಶೋಕಗೀತೆಗಳಲ್ಲಿ ಕೊನೆಗಾದರೂ ಒಂದು ಬೆಳಕಿನ ಸಾಲು ಸಿಗುತ್ತೆ. ಇದು ಕತ್ತಲೆಯಲ್ಲೇ ಮುಗಿಯುತ್ತೆ. ಆದರೂ ಅದು ಪ್ರಾರ್ಥನೆ. ನಿನ್ನ ಸಿಟ್ಟೂ ಪ್ರಾರ್ಥನೆಯೇ.

ಅಪ್ಪನ ಕೊನೆಯ ವಾರಗಳ ಬಗ್ಗೆ ನಿನಗೆ ಪೂರ್ತಿ ಹೇಳಿರಲಿಲ್ಲ. ಅವರಿಗೆ ಒಂದು ಗುಟುಕು ನೀರೂ ಇಳಿಯುತ್ತಿರಲಿಲ್ಲ. ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತುವುದನ್ನು ನರ್ಸ್ ಕಲಿಸಿಕೊಟ್ಟರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಒತ್ತಿದಾಗ ಅಪ್ಪ ಹಸುಗೂಸಿನ ಹಾಗೆ ಆ ಹತ್ತಿಯನ್ನು ಚೀಪುತ್ತಿದ್ದರು. ಒಂದು ರಾತ್ರಿ ಮೂರು ಗಂಟೆ ಇರಬೇಕು, ಹತ್ತಿ ಹಿಂಡುತ್ತಿದ್ದಾಗ ಥಟ್ಟನೆ ನೆನಪಾಯಿತು: "ನನಗೆ ನೀರಡಿಕೆಯಾಗಿದೆ." ಶಿಲುಬೆಯ ಮೇಲಿನ ಆ ಮಾತನ್ನು ಪ್ರತಿ ಗುಡ್ ಫ್ರೈಡೇ ಕೇಳಿದ್ದೇನೆ. ಅದು ಒಣಗಿದ ಬಾಯಿಂದ ಬಂದ ಮಾತು ಅಂತ ಒಂದು ಸಲವೂ ಹೊಳೆದಿರಲಿಲ್ಲ. ಅವನ ತುಟಿಗೂ ಯಾರೋ ಹುಳಿರಸದಲ್ಲಿ ಅದ್ದಿದ ಸ್ಪಂಜು ಹಿಡಿದಿದ್ದರು. ದೇವರಿಗೆ ಈ ಬಾಯಾರಿಕೆ ಗೊತ್ತು ಅಂತ ಆ ರಾತ್ರಿ ಅನಿಸಿತು. ಅಪ್ಪ ಉಳಿಯಲಿಲ್ಲ. ಆದರೆ ಆ ಕೋಣೆಯಲ್ಲಿ ನಾವಿಬ್ಬರೇ ಇರಲಿಲ್ಲ. ನೋವಿಗೆ ಬೆಲೆ ಇದೆ ಅಂತ ನಾನು ನಂಬಿದ್ದು ಅಲ್ಲಿಂದ.

ಯೇಸುವಿನ ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡನು. ತೆಗೆಯಲಿಲ್ಲ, "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು. ಮೊದಲೆಲ್ಲ ಅದು ನನಗೆ ಖಾಲಿ ಕೈಯಲ್ಲಿ ಕಳಿಸಿದ ಹಾಗೆ ಕೇಳಿಸುತ್ತಿತ್ತು. ಇದನ್ನು ಹೇಳುವ, ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲೇ, ದೇವರು ನಮ್ಮನ್ನು ಸಂತೈಸಿದ್ದರಿಂದ ನಾವೂ ಸಂಕಟದಲ್ಲಿರುವವರನ್ನು ಸಂತೈಸಬಲ್ಲೆವು ಅನ್ನುತ್ತಾನೆ. ಇದು ನಿಜ. ಅಪ್ಪನ ಕಾಯಿಲೆಗೆ ಮುಂಚೆ ನಾನು ರೋಗಿಗಳ ಕೋಣೆಯ ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೊರಟುಬಿಡುತ್ತಿದ್ದೆ. ಈಗ ಒಳಗೆ ಹೋಗಿ ಕೂರುತ್ತೇನೆ.

ಇನ್ನೊಂದು. ಯೇಸು ಎದ್ದು ಬಂದಾಗ ಗಾಯದ ಗುರುತುಗಳು ಹಾಗೇ ಇದ್ದವು. ಸಾವನ್ನೇ ಗೆದ್ದವನಿಗೆ ಅವನ್ನು ಮಾಯಿಸುವುದು ಕಷ್ಟವಾಗಿತ್ತಾ? ನಂಬದಿದ್ದ ಶಿಷ್ಯ ತೋಮನನ್ನು ಕರೆದು ಅವನ್ನೇ ತೋರಿಸಿದನು. ಅವಳು ತಡೆದುಕೊಂಡ ಒಂದೊಂದು ರಾತ್ರಿ, ನೀನು ಅವಳ ಮಗ್ಗುಲು ಬದಲಿಸಿದ ಒಂದೊಂದು ಸಲ, ಯಾವುದೂ ಅಳಿಸಿಹೋಗುವುದಿಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಗಂತ ಅವಳು ಹಲ್ಲು ಕಚ್ಚಿ ಸಹಿಸಲಿ ಅಂತ ಬಿಡಬೇಡ. ನೋವು ಜಾಸ್ತಿ ಆದರೆ ಡಾಕ್ಟರಿಗೆ ಹೇಳು, ಔಷಧಿ ಕೇಳು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಈ ಸಂಕಟದ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಅಂತ ಬೇಡಿಕೊಂಡನಲ್ವಾ?

ಶನಿವಾರ ಸಂಜೆ ಬರುತ್ತೇನೆ. ಈ ಸಲ ವಚನ ಹೇಳುವುದಿಲ್ಲ. ನೀರು, ಹತ್ತಿ ಎಲ್ಲಿಟ್ಟಿದ್ದೀಯ ಅಂತ ತೋರಿಸಿಬಿಟ್ಟು ನೀನು ಹೋಗಿ ಮಲಗು. ಬೆಳಗಿನವರೆಗೂ ಅವಳ ಪಕ್ಕ ನಾನಿರುತ್ತೇನೆ.

ನಿನ್ನ ಗೆಳೆಯ